ಎಣ್ಣೆ ಹಾಲಾದ ಬೆಳಗು

ಬೆಳಕು ಇನ್ನೂ ನೀರಿನಿಂದ ಎದ್ದಿಲ್ಲ. ಅಳಿವೆಯ ದಂಡೆಯಲ್ಲಿರುವ ತಗಡಿನ ಶೆಡ್ಡಿನ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ನಿಂತಿದೆ. ಅದರೆದುರು ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾರೆ. ಹೊರಗೆ ಕಟ್ಟಿಹಾಕಿದ ದೋಣಿಗಳು ಒಂದಕ್ಕೊಂದು ಮೈ ತಾಕಿಸಿ ನಿದ್ದೆಯಲ್ಲಿ ಗೊಣಗುತ್ತಿವೆ. ದೀಪ ಹಾಕಬಹುದು, ಇವರು ಹಾಕುವುದಿಲ್ಲ.

"ಬಲ್ಬಿನ ಬೆಳಕು ಸುಳ್ಳು ಹೇಳುತ್ತೆ. ಎಲ್ಲ ಎಣ್ಣೇನೂ ಚೆನ್ನಾಗೇ ತೋರ್ಸುತ್ತೆ. ಹೊತ್ತು ಹುಟ್ಟೋವಾಗಿನ ಬೆಳಕಿಗೆ ಯಾರ ಮುಲಾಜೂ ಇಲ್ಲ ನೋಡಿ," ಎನ್ನುತ್ತಾರೆ, ಬಾಟಲಿಯಿಂದ ಕಣ್ಣು ತೆಗೆಯದೆ.

ಆಮೇಲೆ ಅದು ಬರುತ್ತದೆ. ಮೊದಲು ಕಿಟಕಿಯ ಸರಳಿಗೆ, ಅಲ್ಲಿಂದ ಬಾಟಲಿಯ ಕತ್ತಿಗೆ, ನಿಧಾನಕ್ಕೆ ಒಳಗೆ. ಪದ್ಯ ಓದುವವರು ಸಾಲಿನ ಕೊನೆಯಲ್ಲಿ ಉಸಿರು ಹಿಡಿಯುವಷ್ಟು ಹೊತ್ತು ಶೆಡ್ಡಿನಲ್ಲಿ ಎಲ್ಲವೂ ತಡೆದು ನಿಲ್ಲುತ್ತದೆ. ಬಾಟಲಿಯಲ್ಲಿರುವುದು ದೋಣಿಯ ಬೆನ್ನಿಗೆ ನೇತುಹಾಕುವ ಎಂಜಿನ್ನಿನ ಎಣ್ಣೆ. ಜೇನಿನ ಬಣ್ಣದಲ್ಲಿರಬೇಕಾದದ್ದು ಹಾಲು ಹೆಚ್ಚಾದ ಚಹಾದ ಹಾಗೆ ಮಬ್ಬಾಗಿದೆ. ರಾತ್ರಿಯೆಲ್ಲ ಅಲುಗದೆ ನಿಂತದ್ದರಿಂದ ತಳದಲ್ಲಿ ಬೆರಳಗಲ ತಿಳಿನೀರು ಇಳಿದಿದೆ.

"ಹೂಂ, ಇಳ್ದಿದೆ," ಎನ್ನುತ್ತಾರೆ. ಜ್ವರದ ಮಗುವಿನ ಹಣೆ ಮುಟ್ಟಿ ನೋಡಿದವರ ದನಿ ಅದು.

ದಂಡೆಯುದ್ದಕ್ಕೂ ಇವರನ್ನು ಕರೆಯುವುದು ಎಣ್ಣೆಯಕ್ಕ ಎಂದು. ಆ ಹೆಸರು ಕೇಳಿ ಯಾರೋ ಅಡುಗೆ ಎಣ್ಣೆಗೆ ಡಬ್ಬ ಹಿಡಿದು ಬಂದಿದ್ದರಂತೆ. "ಇವಳ ಎಣ್ಣೇಲಿ ಕರಿದ್ರೆ ತಿಂದೋರು ಡುಬುಡುಬು ಅಂತ ಸದ್ದು ಮಾಡ್ಕೊಂಡು ಆಚೆ ದಡಕ್ಕೆ ಹೋಗ್ತಾರೆ ಅಂದೆ," ಎಂದು ಮೂಲೆಯ ಹಗ್ಗದ ಮಂಚದಿಂದ ಅತ್ತೆ ಕಥೆ ಪೂರ್ತಿ ಮಾಡುತ್ತಾರೆ. ಅತ್ತೆಗೆ ಮುಂದಿನ ಹಲ್ಲು ಒಂದೂ ಇಲ್ಲ. ಮಾತಿಗೆ ಮಾತ್ರ ಬರವಿಲ್ಲ.

ದೋಣಿಯ ಎಂಜಿನ್ನು ಕೆಟ್ಟರೆ ಬಿಚ್ಚಿ ಜೋಡಿಸುವವರು ಈ ದಂಡೆಯಲ್ಲಿ ಬೇರೆಯವರೂ ಇದ್ದಾರೆ. ಬಿಚ್ಚುವ ಮೊದಲು ಅದಕ್ಕೆ ಏನಾಗಿದೆ ಎಂದು ಎಣ್ಣೆ ನೋಡಿ ಹೇಳುವುದು ಎಣ್ಣೆಯಕ್ಕನ ಕೆಲಸ. ದಿನಕ್ಕೆ ಏಳೆಂಟು ಎಂಜಿನ್ನು ಬರುತ್ತವೆ, ಬಿರುಗಾಳಿಯ ಮರುದಿನ ಅದರ ಎರಡರಷ್ಟು. ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಒಂದು ಕಾಯಿಲೆ. ಬೆರಳಲ್ಲಿ ಉಜ್ಜಿದಾಗ ಮಿಣುಮಿಣು ಎಂದರೆ ಒಳಗೆ ಹಲ್ಲುಚಕ್ರ ಸವೆಯುತ್ತಿದೆ. "ಕಪ್ಪಾದ್ರೆ ಎಲ್ರೂ ಗಾಬರಿ ಬೀಳ್ತಾರೆ. ಕಪ್ಪಿಗೆ ಹೆದರಬೇಡಿ ಅಂತೀನಿ. ಅದು ದುಡಿಮೆ. ನನ್ನ ಉಗುರು ನೋಡಿ."

ಹೆದರಬೇಕಾದದ್ದು ಬೆಳ್ಳಗಾದರೆ. ಎಣ್ಣೆಗೆ ನೀರು ಸೇರಿ ಕಡೆದಂತಾದರೆ ಇಲ್ಲಿ ಅದಕ್ಕೆ ಒಂದೇ ಮಾತು: ಎಣ್ಣೆ ಹಾಲಾಗಿದೆ. ಹಾಲಾಗುವುದರಲ್ಲೂ ಎರಡು ಬಗೆ. ಎಂಜಿನ್ನನ್ನು ತಣಿಸಲು ಅದರ ಮೈಯೊಳಗೆ ಸದಾ ಓಡಾಡುವ ಅಳಿವೆಯ ಉಪ್ಪುನೀರು ಬಿರುಕು ಹುಡುಕಿಕೊಂಡು ಎಣ್ಣೆಗೆ ನುಗ್ಗಿರಬಹುದು. ಹಳೆಯ ಎಂಜಿನ್ನಿಗೆ ಅಲ್ಲಿಗೆ ಮುಗಿಯಿತು. ಇಲ್ಲವೇ ಎಂಜಿನ್ನು ಒಳಗೊಳಗೇ ಬೆವರಿರಬಹುದು, ತಣ್ಣನೆ ಲೋಟದ ಹೊರಮೈ ಬೆವರುವ ಹಾಗೆ. ಅದಕ್ಕೆ ಮದ್ದಿದೆ. ನೋಡುವ ಕಣ್ಣಿಗೆ ಎರಡೂ ಹಾಲೇ.

ಬಾಗಿಲಲ್ಲಿ ಚಕ್ರದ ಸದ್ದು. ಕೈಗಾಡಿಯೊಂದು ಬಂದು ನಿಲ್ಲುತ್ತದೆ, ತಳ್ಳುತ್ತಿರುವವರು ಗುಜರಿ ಕೊಳ್ಳುವವರು. ಅವರ ಹಿಂದೆ, ಟೋಪಿಯನ್ನು ಎದೆಗೆ ಹಿಡಿದುಕೊಂಡು, ಎತ್ತರದ ಒಬ್ಬರು. ದಂಡೆಯಿಂದ ದಂಡೆಗೆ ಜನರನ್ನು ದಾಟಿಸುವ ದೋಣಿ ಇವರದು. ಬದುಕಿನ ಮುಕ್ಕಾಲು ಪಾಲು ಎಂಜಿನ್ನಿನ ಪಕ್ಕ ಕೂತು ಕಿವಿ ಮಂದವಾಗಿದೆ. ತನಗೆ ಕೇಳದ್ದು ಲೋಕಕ್ಕೂ ಕೇಳುವುದಿಲ್ಲ ಎಂಬಂತೆ ಕೂಗಿ ಮಾತಾಡುವುದರಿಂದ ಊರಿಗೆಲ್ಲ ಗುಡುಗಣ್ಣ. ಬಾಟಲಿಯಲ್ಲಿರುವುದು ಇವರ ಎಂಜಿನ್ನಿನ ಎಣ್ಣೆ. ಎಂಜಿನ್ನು ನಿನ್ನೆ ಸಂಜೆಯಿಂದ ಇಲ್ಲೇ ಮರದ ಸ್ಟ್ಯಾಂಡಿಗೆ ನೇತುಬಿದ್ದಿದೆ.

ಇವತ್ತು ಗುಡುಗಿಲ್ಲ. "ತಗೊಂಡ್ ಹೋಗ್ಲಿ ಅಕ್ಕ," ಎನ್ನುತ್ತಾರೆ ಮೆಲ್ಲಗೆ.

"ಏನನ್ನ?"

"ಎಂಜಿನ್ನು. ಗೋದಾಮಿನೋರಿಗೂ ಹೇಳಿಬಿಟ್ಟೆ. ನಾಳೆಯಿಂದ ಬಾಗಿಲು ಕಾಯಕ್ಕೆ ಬರ್ತೀನಿ ಅಂತ. ನೀರಿಗೆ ಬೆನ್ನು ಹಾಕಿ ಕೂರೋ ಕೆಲಸ. ಆಗ್ಲಿ, ತಲೆ ಮೇಲಾದ್ರೂ ನೆರಳಿರುತ್ತೆ."

ಎಣ್ಣೆಯಕ್ಕ ಸ್ಟೂಲಿನಿಂದ ಎದ್ದೇಬಿಡುತ್ತಾರೆ. "ಯಾರ್ ಹೇಳಿದ್ದು ನಿಂಗೆ ಎಂಜಿನ್ ಹೋಯ್ತು ಅಂತ?"

"ನೀವೇ ಅಲ್ವಾ. ನಿನ್ನೆ ಸಂಜೆ ಫೋನ್ ಮಾಡಿದ್ನಲ್ಲ. ಅಜ್ಜಿ ಹೇಳಿದ್ರು. ಎಣ್ಣೆ ಹಾಳಾಗಿದೆ ಅಂತ."

ಎಣ್ಣೆಯಕ್ಕ ತಿರುಗಿ ಮಂಚದ ಕಡೆ ನೋಡುತ್ತಾರೆ.

"ನಾನೆಲ್ಲಿ ಹಾಳು ಅಂದೆ?" ಅತ್ತೆ ಮುಸುಕು ಸರಿಸಿ ಎದ್ದು ಕೂರುತ್ತಾರೆ. "ನಿನ್ನ ಕೈಯೆಲ್ಲ ಎಣ್ಣೆಯಾಗಿತ್ತು, ಫೋನ್ ನಾನೆತ್ತಿದೆ. ನೀನು ಹೇಳ್ಕೊಟ್ಟಿದ್ದನ್ನೇ ಹೇಳಿದೆ. ಎಣ್ಣೆ ಹಾಳಾಗಿದೆ, ಬೆಳಗ್ಗೆ ಬಾ ಅಂತ."

"ಹಾಲು ಅತ್ತೆ, ಹಾಲು."

"ಅದೇ. ಹಾಳು."

ಹಲ್ಲಿಲ್ಲದ ಬಾಯಿ, ಕೇಳದ ಕಿವಿ. ಪದ್ಯ ಕೇಳಿಸಿಕೊಂಡು ಬೆಳೆದವರಿಗೆ ಗೊತ್ತು, ನಾಲಿಗೆ ಒಂದು ಮಡಿಕೆ ಹಿಂದಕ್ಕೆ ಸರಿದರೆ ಅರ್ಥವೇ ದಡ ಬದಲಿಸುತ್ತದೆ. ನಾಲಿಗೆಗೆ ಒರಗಲು ಹಲ್ಲು ಸಿಗದೆ ಅತ್ತೆಯ ಹಾಲು ಹಾಳಾಯಿತು. ರಾತ್ರಿಯಿಡೀ ಒಬ್ಬ ಮನುಷ್ಯ ಆ ಒಂದು ಅಕ್ಷರವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ.

ಗುಜರಿಯವರು ನಗುತ್ತಾರೆ. ಗುಡುಗಣ್ಣ ನಗುವುದಿಲ್ಲ. "ಹಾಲಾದ್ರೂ ಉಪ್ಪುನೀರಿಂದ ಆಗಿದ್ರೆ ಹಾಳೇ ಅಲ್ವಾ ಅಕ್ಕ?"

"ಉಪ್ಪೋ ಬೆವರೋ ಅಂತ ನೋಡೋಕೆ ತಾನೇ ಕೂತಿರೋದು. ಈಗ ನೋಡೋಣ, ಕೂತ್ಕೋ."

ನೋಡುವ ಬಗೆ ಇದು. ಎಣ್ಣೆಯಕ್ಕ ಹೊಗೆ ಹಿಡಿದು ಕಪ್ಪಾದ ತಗಡಿನ ತುಂಡೊಂದನ್ನು ಇಕ್ಕುಳದಲ್ಲಿ ಹಿಡಿದು ಸ್ಟವ್ವಿನ ಮೇಲೆ ಕಾಯಿಸುತ್ತಾರೆ. ಗಾಜಿನ ನಳಿಗೆಯನ್ನು ಬಾಟಲಿಯ ತಳಕ್ಕೆ ಇಳಿಸಿ, ಎಣ್ಣೆ ತಾಕದ ಹಾಗೆ ತಿಳಿನೀರನ್ನಷ್ಟೇ ಎತ್ತಿ, ಒಂದು ಹನಿಯನ್ನು ಬಿಸಿ ತಗಡಿನ ಮೇಲೆ ಬಿಡುತ್ತಾರೆ. ಬೆವರಾದರೆ ಹನಿ ಆರಿ ಗುರುತಿಲ್ಲದೆ ಹೋಗಬೇಕು. ಸಮುದ್ರವಾದರೆ ತನ್ನ ಉಪ್ಪನ್ನು ಬಿಟ್ಟು ಹೋಗುತ್ತದೆ.

ಹನಿ ಚುಯ್ಯೆನ್ನುತ್ತದೆ, ತಗಡಿನ ಮೇಲೆ ಓಡುತ್ತದೆ, ಸಣ್ಣದಾಗುತ್ತದೆ, ಇಲ್ಲವಾಗುತ್ತದೆ. ಅದು ಇದ್ದ ಕಡೆ ಒಂದು ಬಿಳಿ ಉಂಗುರ ಉಳಿಯುತ್ತದೆ.

ಇನ್ನೊಂದು ಹನಿ. ಇನ್ನೊಂದು ಉಂಗುರ. ಗುಡುಗಣ್ಣ ಎದ್ದು ಎಂಜಿನ್ನಿನ ಹತ್ತಿರ ಹೋಗಿ ಅದರ ತಲೆಯ ಮೇಲೆ ಕೈಯಿಡುತ್ತಾರೆ, ಹಸುವಿನ ಹಣೆಗೆ ಇಡುವ ಹಾಗೆ. ಗುಜರಿಯವರೇ ಪಾಪ, ಗಾಡಿಯ ಚಕ್ರವನ್ನು ಕಾಲಲ್ಲಿ ಒಂದಿಷ್ಟು ಹಿಂದಕ್ಕೆ ತಳ್ಳುತ್ತಾರೆ, ತಾನು ಇಲ್ಲಿಗೆ ಬಂದದ್ದೇ ತಪ್ಪು ಎನ್ನುವಂತೆ.

"ನಿನ್ನೆ ನಲ್ಲಿ ಬಂದಿತ್ತಾ?" ಅತ್ತೆಯ ಪ್ರಶ್ನೆ.

"ಈಗ ನಲ್ಲಿ ಮಾತು ಯಾಕತ್ತೆ?"

"ಬಂದಿರ್ಲಿಲ್ಲ. ಚಹಾಕ್ಕೂ ನೀರಿಲ್ಲದೆ ನಾನು ಬಾಯಿ ಒಣಗಿಸ್ಕೊಂಡು ಮಲಗಿದ್ದೆ. ಹಾಗಾದ್ರೆ ನೀನು ಆ ಬಾಟ್ಲಿ ಎಲ್ಲಿ ತೊಳ್ದೆ?"

ಎಣ್ಣೆಯಕ್ಕ ಕಣ್ಣು ಮುಚ್ಚುತ್ತಾರೆ. ಶೆಡ್ಡಿನ ಹಿಂದೆ ಮೂರು ಮೆಟ್ಟಿಲಿಳಿದರೆ ಅಳಿವೆ. ನಿನ್ನೆ ಕತ್ತಲಾಗುವ ಹೊತ್ತಿಗೆ ಬಾಟಲಿಯನ್ನು ಅಲ್ಲೇ ಅದ್ದಿ ಕುಲುಕಿ ತಂದದ್ದು ಇವರೇ. "ಮೆಟ್ಲ ಹತ್ರ," ಎನ್ನುತ್ತಾರೆ. "ಇಷ್ಟು ವರ್ಷ ಮಾಡಿ, ಬಾಟ್ಲೀನ ಉಪ್ಪುನೀರಲ್ಲಿ ತೊಳ್ದು ಎಂಜಿನ್ನಲ್ಲಿ ಉಪ್ಪು ಹುಡುಕ್ತಾ ಕೂತಿದೀನಿ. ನನ್ನ ತಲೆಗಿಷ್ಟು ಬೆಂಕಿ ಹಾಕ."

ಬೆಳಗ್ಗೆ ಬಂದ ನಲ್ಲಿಯ ನೀರಲ್ಲಿ ಇನ್ನೊಂದು ಬಾಟಲಿಯನ್ನು, ನಳಿಗೆಯನ್ನು, ಎಣ್ಣೆ ಎಳೆಯುವ ಪಿಚಕಾರಿಯನ್ನು ಎರಡೆರಡು ಸಲ ತೊಳೆಯುತ್ತಾರೆ, ಬಟ್ಟೆಯಲ್ಲಿ ಒರೆಸಿ ಸ್ಟವ್ವಿನ ಕಾವಿಗೆ ಒಣಗಿಸುತ್ತಾರೆ. ಎಂಜಿನ್ನನ್ನು ಅಲುಗಿಸದೆ, ಅದರ ತಳ ಮುಟ್ಟುವ ಹಾಗೆ ಸಣ್ಣ ಕೊಳವೆ ಇಳಿಸಿ ಹೊಸದಾಗಿ ಎಣ್ಣೆ ಎಳೆಯುತ್ತಾರೆ. ಬಾಟಲಿ ಈ ಬಾರಿ ಕಿಟಕಿಗೆ ಹೋಗುವುದಿಲ್ಲ. ಬಿಸಿಲು ಬಿದ್ದ ತಗಡಿನ ಮೇಲೆ, ಮರಳು ತುಂಬಿದ ಬಾಂಡಲೆಯೊಳಗೆ ಕೂರುತ್ತದೆ. ಕಾವು ತಾಕಿದರೆ ನೀರು ಬೇಗ ಇಳಿಯುತ್ತದೆ.

"ಇನ್ನು ಕಾಯೋದೇ ಕೆಲಸ," ಎಂದು ಎಣ್ಣೆಯಕ್ಕ ಹೊಸ್ತಿಲಲ್ಲಿ ಕೂರುತ್ತಾರೆ. ಗುಜರಿಯವರೂ ಚಹಾ ಹಿಡಿದು ಗಾಡಿಯ ಮೂಕಿಯ ಮೇಲೆ ಕೂರುತ್ತಾರೆ. ಬೇರೆ ಕೆಲಸವಿದೆ ಎನ್ನುತ್ತಾರೆ, ಏಳುವುದಿಲ್ಲ.

ಕಾಯುವುದು ಈ ಕಸುಬಿನ ಅರ್ಧ. ಅದನ್ನು ಕಲಿಸಿದವರು ಮಾವ. ಶೆಡ್ಡು ಅವರದು. ಎಣ್ಣೆಯಕ್ಕ ಸೊಸೆಯಾಗಿ ಬಂದ ಕೆಲವೇ ದಿನಗಳಲ್ಲಿ ಅವರ ಕಣ್ಣು ಮಂಜಾಗತೊಡಗಿ, ಕೊನೆಗೆ ಕಿಟಕಿಯ ಬೆಳಕಷ್ಟೇ ಉಳಿಯಿತು. ಮೂಗಿತ್ತು, ಬೆರಳಿತ್ತು, ಬಣ್ಣ ಮಾತ್ರ ಕೈತಪ್ಪಿತ್ತು. ಮಗ, ಎಂದರೆ ಎಣ್ಣೆಯಕ್ಕನ ಗಂಡ, ದೋಣಿಗೆ ಬಣ್ಣ ಬಳಿಯುವವರು. ದಿನವಿಡೀ ಮೇಲಿನ ದಂಡೆಯಲ್ಲಿರುತ್ತಿದ್ದರು, ಈಗಲೂ ಇರುತ್ತಾರೆ. ಹಾಗಾಗಿ ಒಲೆಯ ಮುಂದಿದ್ದ ಸೊಸೆಗೆ ಕರೆ ಬರುತ್ತಿತ್ತು: ಬಾಮ್ಮ, ಬಣ್ಣ ಹೇಳು.

"ಕಂದು ಅಂದೆ ಮೊದಲ ದಿನ. ಯಾವ ಕಂದು ಅಂದ್ರು. ನಂಗೇನು ಗೊತ್ತು? ಕಂದು ಅಂದ್ರೆ ಕಂದು. ಹಾಗಲ್ಲಮ್ಮ, ನಾನು ನಿನ್ನ ಮಾತಲ್ಲೇ ನೋಡ್ಬೇಕು, ಸರಿಯಾಗಿ ತೋರ್ಸು ಅಂದ್ರು." ಅವತ್ತಿನಿಂದ ಅಡುಗೆಮನೆಯ ಬಣ್ಣಗಳೆಲ್ಲ ಒಂದೊಂದಾಗಿ ಶೆಡ್ಡಿಗೆ ಬಂದವು. ಜೇನು, ಬೆಲ್ಲದ ನೀರು, ಕಾಫಿ ಚರಟ, ಹಾಲು ಹೆಚ್ಚಾದ ಚಹಾ, ಒಡೆದ ಹಾಲು. ಎಣ್ಣೆ ಹಾಲಾಗಿದೆ ಎಂದು ಈ ದಂಡೆಯಲ್ಲಿ ಮೊದಲು ಹೇಳಿದ್ದು ಇವರೇ ಎನ್ನುತ್ತಾರೆ ಅತ್ತೆ. ಎಣ್ಣೆಯಕ್ಕ ಒಪ್ಪುವುದಿಲ್ಲ. "ಯಾರೋ ಹೇಳಿರ್ತಾರೆ. ಕಣ್ಣಿಗೆ ಕಾಣೋದನ್ನ ಹೇಳೋಕೆ ಯಾರಪ್ಪಣೆ ಬೇಕು?"

ಮಾವ ಇಲ್ಲವಾದ ಮೇಲಿನ ವರ್ಷಗಳು ಸಲೀಸಾಗಿರಲಿಲ್ಲ. ದೋಣಿಯವರು ಎಂಜಿನ್ನು ತರುತ್ತಿದ್ದರು, ಆದರೆ ಭುಜದ ಮೇಲಿಂದ ಇಣುಕಿ ನಿಂತಿರುತ್ತಿದ್ದರು. "ಮುದುಕಪ್ಪ ಇದ್ದಿದ್ರೆ ಮೂಸಿ ಹೇಳ್ತಿದ್ರು ಅನ್ನೋರು. ನೀವೂ ಮೂಸಿ ಅಂತ ಬಾಟ್ಲೀನ ಅವರ ಮೂಗಿಗೇ ಹಿಡೀತಿದ್ದೆ." ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟು ತಿರುಗಿಸಿ ತಿರುಗಿಸಿ ಬಲಗೈಯ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಯಾವ ಸೋಪು ಹಾಕಿದರೂ ಕೈಯ ವಾಸನೆ ಹೋಗುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಕತ್ತಲಲ್ಲಿ ಎದ್ದರೆ ಆ ವಾಸನೆ ಹಿಡಿದೇ ಅಮ್ಮನ ಹಾಸಿಗೆ ಹುಡುಕಿಕೊಂಡು ಬರುತ್ತಿದ್ದಳಂತೆ. ಈಗ ಅವಳಿಗೇ ಮಗುವಾಗಿದೆ. "ಫೋನಲ್ಲಿ ವಾಸನೆ ಕಳ್ಸೋಕಾಗಲ್ಲ, ಅದೊಂದು ಬೇಜಾರು ಅಂತಾಳೆ."

ಎಲ್ಲಕ್ಕಿಂತ ಕಷ್ಟದ್ದು ಯಾವುದು ಎಂದು ಕೇಳಿದರೆ ಭಾರ ಎತ್ತುವುದು ಎನ್ನುವುದಿಲ್ಲ. "ಬಿಳಿ ಉಂಗುರ ಬಂದಾಗ ಮುಖ ಎತ್ತೋದು," ಎನ್ನುತ್ತಾರೆ. "ಎದುರಿಗಿರೋರು ತಗಡು ನೋಡ್ತಿರಲ್ಲ, ನನ್ನ ಮುಖ ನೋಡ್ತಿರ್ತಾರೆ."

ಗುಡುಗಣ್ಣನಿಗೆ ಇದೊಂದೂ ಕೇಳಿಸಿಲ್ಲ. ಅವರು ಎಂಜಿನ್ನಿನ ಪಕ್ಕದಲ್ಲೇ ಕೂತು, ತನ್ನಷ್ಟಕ್ಕೆ ಅದರ ಗುಣ ಹೇಳುತ್ತಿದ್ದಾರೆ. "ಒಂದು ದಿನ ಕೈಕೊಟ್ಟಿದ್ದಿಲ್ಲ. ಬೇರೆಯವರ ಎಂಜಿನ್ನು ಎಣ್ಣೆ ಕುಡಿಯುತ್ತೆ, ನಂದು ಕೊಡುತ್ತೆ. ಕಡ್ಡಿ ಅದ್ದಿ ನೋಡಿದ್ರೆ ತಿಂಗಳಿಂದ ತಿಂಗಳಿಗೆ ಎಣ್ಣೆ ಏರ್ತಾನೇ ಇದೆ. ದೇವರು ಕಣ್ಬಿಟ್ಟ ಅಂದ್ಕೊಂಡಿದ್ದೆ."

ಎಣ್ಣೆಯಕ್ಕ ಥಟ್ಟನೆ ತಿರುಗುತ್ತಾರೆ. "ಏರ್ತಿತ್ತಾ?" ಅವರ ಕಿವಿಯ ಹತ್ತಿರ ಹೋಗಿ ಜೋರಾಗಿ ಕೇಳುತ್ತಾರೆ, "ಓಡಿಸೋದು ಹೇಗೆ ನೀನು? ಜೋರಾಗಾ, ಮೆತ್ತಗಾ?"

"ಮೆತ್ತಗೆ. ವಯಸ್ಸಾಗಿದೆ, ದಣೀಬಾರ್ದು ಅಂತ. ದಡ ಬಂದ ಕೂಡ್ಲೇ ನಿಲ್ಸಿಬಿಡ್ತೀನಿ. ಆರ್ಲಿ ಪಾಪ ಅಂತ."

ಎಣ್ಣೆಯಕ್ಕನ ಮುಖದಲ್ಲಿ ಏನೋ ಹೊಳೆದು ಹೋಗುತ್ತದೆ. ಕೈ ಒರೆಸಿಕೊಂಡು ಬಿಸಿಲಿನಿಂದ ಬಾಟಲಿ ತರುತ್ತಾರೆ. ತಳದಲ್ಲಿ ನೀರು ಇಳಿದಿದೆ, ಮೊದಲಿನದಕ್ಕಿಂತ ಕಡಿಮೆ, ಬೆಳಗಿನ ಎಲೆಯ ಮೇಲೆ ಕೂತ ಹನಿಯಷ್ಟು ನಿರ್ಮಲ. ತಗಡನ್ನು ಉಜ್ಜಿ, ನಲ್ಲಿಯ ನೀರಲ್ಲಿ ತೊಳೆದು, ಮತ್ತೆ ಕಾಯಿಸಿ, ಮೊದಲು ಆ ನಲ್ಲಿ ನೀರಿನದೇ ಒಂದು ಹನಿ ಬಿಟ್ಟು ನೋಡುತ್ತಾರೆ. ಗುರುತು ಉಳಿಯುವುದಿಲ್ಲ. ಆಮೇಲೆ ಬಾಟಲಿಯ ಹನಿ.

ಚುಯ್. ಓಡುತ್ತದೆ, ಸಣ್ಣದಾಗುತ್ತದೆ, ಇಲ್ಲವಾಗುತ್ತದೆ.

ತಗಡು ಕಪ್ಪಗಿದೆ. ಎಣ್ಣೆಯಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಓರೆಯಾಗಿಸಿ ನೋಡುತ್ತಾರೆ. ಅತ್ತೆ ಮಂಚದಿಂದಿಳಿದು ಬಂದು ನೋಡುತ್ತಾರೆ. ಗುಜರಿಯವರೂ ಬಗ್ಗಿ ನೋಡುತ್ತಾರೆ. ಕಪ್ಪು, ಬರೀ ಕಪ್ಪು. ಗುಡುಗಣ್ಣ ತಗಡು ನೋಡುವುದಿಲ್ಲ, ಎಣ್ಣೆಯಕ್ಕನ ಮುಖ ನೋಡುತ್ತಾರೆ.

"ಬೆವರು," ಎನ್ನುತ್ತಾರೆ ಎಣ್ಣೆಯಕ್ಕ. ಅದು ಅವರಿಗೆ ಕೇಳಿಸದಿದ್ದೀತು ಎಂದು, ತನ್ನ ಹಣೆಯನ್ನು ಅಂಗಿಯ ತೋಳಿನಿಂದ ಒರೆಸಿ ತೋರಿಸುತ್ತಾರೆ.

ಇನ್ನು ಬೆವರಿದ್ದೇಕೆ ಎಂದು ಹುಡುಕಬೇಕು. ಎಂಜಿನ್ನಿನ ತಲೆಯ ಬದಿಯಲ್ಲಿ ಎರಡು ಬೋಲ್ಟು ತೆಗೆದರೆ ಹೆಬ್ಬೆಟ್ಟಿನ ಗಾತ್ರದ ಒಂದು ಬಿಲ್ಲೆ ಸಿಗುತ್ತದೆ. ಪೇಟೆಯವರು ಅದಕ್ಕೆ ಥರ್ಮೋಸ್ಟಾಟ್ ಎನ್ನುತ್ತಾರೆ, ಎಣ್ಣೆಯಕ್ಕ ಕಾವಿನ ಕದ ಎನ್ನುತ್ತಾರೆ. ಎಂಜಿನ್ನು ತಣ್ಣಗಿದ್ದಾಗ ಅದು ಮುಚ್ಚಿಕೊಂಡು ನೀರನ್ನು ತಡೆಯಬೇಕು, ಕಾವೇರಿದ ಮೇಲೆ ತೆರೆದುಕೊಂಡು ಬಿಡಬೇಕು. ಇಕ್ಕುಳದಲ್ಲಿ ಹೊರಬಂದ ಕದ ಅರ್ಧ ತೆರೆದೇ ನಿಂತಿದೆ. ಅದರ ಸಂದಿಯಲ್ಲಿ ಅಕ್ಕಿಯ ನುಚ್ಚಿನಷ್ಟು ಒಂದು ಚಿಪ್ಪಿನ ಚೂರು. ಅಳಿವೆಯ ನೀರಿನೊಂದಿಗೆ ಯಾವತ್ತೋ ಒಳಗೆ ಬಂದು, ಮುಚ್ಚಲು ಬಿಡದೆ ಅಲ್ಲೇ ಮನೆ ಮಾಡಿದೆ.

"ನೋಡು," ಎಂದು ಎಣ್ಣೆಯಕ್ಕ ಅದನ್ನು ಗುಡುಗಣ್ಣನ ಅಂಗೈಗೆ ಬೀಳಿಸುತ್ತಾರೆ. "ಕದ ಮುಚ್ಚದೆ ಇದಕ್ಕೆ ಸದಾ ತಣ್ಣೀರ ಸ್ನಾನ. ಸಾಲದ್ದಕ್ಕೆ ನಿನ್ನ ಮುದ್ದು ಬೇರೆ. ಮೈ ಬಿಸಿಯಾಗೋಕೆ ಮೊದಲೇ ಮಲಗಿಸಿಬಿಡ್ತೀಯ. ಒಳಗೆ ಬೆವರು ಆರೋದು ಹೇಗೆ? ಎಣ್ಣೆ ಏರ್ತಿದ್ದಿದ್ದು ದೇವರಿಂದಲ್ಲ ಮಾರಾಯ, ಅದೇ ನೀರು, ಮತ್ತೆ ಉರೀದೆ ಇಳ್ದಿರೋ ಪೆಟ್ರೋಲು."

"ದಣೀಬಾರ್ದು ಅಂತ..."

"ದಣೀಲಿ. ದಿನಕ್ಕೊಂದ್ಸಲ ಜನ ಇಳ್ದ ಮೇಲೆ ಅಳಿವೆ ಬಾಯಿವರೆಗೆ ಜೋರಾಗಿ ಓಡ್ಸ್ಕೊಂಡು ಬಾ. ಮೈ ಕಾದ್ರೆ ಗಟ್ಟಿಯಾಗಿರುತ್ತೆ."

"ನಿನ್ನ ಮಾವಂಗೂ ನಾನು ಇದನ್ನೇ ಹೇಳ್ತಿದ್ದೆ," ಎನ್ನುತ್ತಾರೆ ಅತ್ತೆ. "ಕೂತೇ ಕೆಟ್ಟ ಮನುಷ್ಯ."

ಗುಜರಿಯವರು ಎದ್ದು ಮೈ ಝಾಡಿಸಿಕೊಳ್ಳುತ್ತಾರೆ. ಖಾಲಿ ಗಾಡಿ ತಳ್ಳುವುದು ಬೇಡ ಎಂದು ಎಣ್ಣೆಯಕ್ಕ ಮೂಲೆಯ ಮುರಿದ ಪ್ರೊಪೆಲ್ಲರ್ ಒಂದನ್ನು ಅದರೊಳಗಿಡುತ್ತಾರೆ. "ಇರ್ಲಿ ಬಿಡಿ. ಇವತ್ತು ಖಾಲಿ ಹೋದ್ರೂ ಬೇಜಾರಿರ್ಲಿಲ್ಲ," ಎಂದು ಅವರು ಹೊರಡುತ್ತಾರೆ.

ಮಧ್ಯಾಹ್ನವೆಲ್ಲ ಕೆಲಸ ನಡೆಯುತ್ತದೆ. ಕಾವಿನ ಕದವನ್ನು ಬಿಸಿನೀರಲ್ಲಿ ಅದ್ದಿ, ತೆರೆಯುವುದನ್ನೂ ತಣಿದಾಗ ಮುಚ್ಚುವುದನ್ನೂ ನೋಡಿ, ತಿರುಗಿ ಕೂರಿಸುತ್ತಾರೆ. ಹಾಲಾದ ಎಣ್ಣೆಯನ್ನೆಲ್ಲ ಇಳಿಸಿ ಹೊಸದು ತುಂಬಿ, ಎಂಜಿನ್ನಿನ ಕಾಲನ್ನು ನಲ್ಲಿ ನೀರಿನ ಡ್ರಮ್ಮಿನೊಳಗೆ ಮುಳುಗಿಸಿ ಓಡಿಸುತ್ತಾರೆ. ಮೊದಲ ಎಣ್ಣೆ ಒಳಗಿನ ಮಬ್ಬನ್ನೆಲ್ಲ ತೊಳೆದುಕೊಂಡು ಮತ್ತೆ ಹಾಲಾಗಿಯೇ ಹೊರಬರುತ್ತದೆ. ಅದನ್ನೂ ಚೆಲ್ಲಿ ಮತ್ತೊಮ್ಮೆ. ನೋಡುತ್ತ ನಿಲ್ಲಲಾರದೆ ಗುಡುಗಣ್ಣ ದೋಣಿ ತೊಳೆಯುತ್ತೇನೆಂದು ಕಟ್ಟೆಯ ಕಡೆ ಹೋಗಿದ್ದಾರೆ. ಡ್ರಮ್ಮಿನಿಂದ ಹಬೆ ಏಳುತ್ತದೆ. ಎಂಜಿನ್ನಿನ ಸದ್ದು ಮೊದಮೊದಲು ತೊದಲಿ, ಕಾವೇರಿದಂತೆ ಒಂದೇ ಶ್ರುತಿಗೆ ಕೂರುತ್ತದೆ. ಅತ್ತೆ ಅದರ ಜೊತೆಗೇ ತೂಕಡಿಸುತ್ತಾರೆ. ಬಾಗಿಲ ಬಿಸಿಲು ನೆಲದ ಮೇಲೆ ಉದ್ದವಾಗುತ್ತ ಬಂದು ಡ್ರಮ್ಮಿನ ಬುಡ ಮುಟ್ಟುತ್ತದೆ. ಈ ಹೊತ್ತಿನಲ್ಲಿ ಶೆಡ್ಡು ತಾನೇ ಒಂದು ದೋಣಿಯಾಗಿ ಕಟ್ಟು ಬಿಚ್ಚಿಕೊಂಡು ಎಲ್ಲಿಗೋ ಹೊರಟಂತೆ ಅನಿಸುತ್ತದೆ.

ಎಂಜಿನ್ನು ನಿಲ್ಲಿಸಿ, ಆರಲು ಬಿಟ್ಟು, ಎಣ್ಣೆಯಕ್ಕ ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ತೆಗೆಯುತ್ತಾರೆ. ಕಡ್ಡಿಯ ತುದಿಯಲ್ಲಿ ತೂಗುವ ಹನಿಯ ಮೂಲಕ ಬಾಗಿಲು ಕಾಣುತ್ತದೆ, ಬಾಗಿಲಾಚೆಯ ನೀರು ಕಾಣುತ್ತದೆ, ಎರಡೂ ಜೇನಿನ ಬಣ್ಣದಲ್ಲಿ.

ಅಷ್ಟರಲ್ಲಿ ಫೋನು. ಎಣ್ಣೆಯಕ್ಕನ ಕೈ ಮತ್ತೆ ಮೊಣಕೈವರೆಗೂ ಎಣ್ಣೆ. ಅತ್ತೆಯೇ ಎತ್ತಬೇಕು.

"ಅತ್ತೆ, ಹಾಲಿನ ಸುದ್ದಿಗೇ ಹೋಗ್ಬೇಡಿ. ಜೇನು ಅನ್ನಿ."

ಅತ್ತೆ ತಲೆಯಾಡಿಸಿ, ಗಂಟಲು ಸರಿಮಾಡಿಕೊಂಡು, ಬಿಡಿಸಿ ಬಿಡಿಸಿ ಹೇಳುತ್ತಾರೆ: "ಜೇನಾಗಿದೆ ಕಣೋ."

ಫೋನಿನೊಳಗಿನ ಗುಡುಗು ಶೆಡ್ಡಿಗೆಲ್ಲ ಕೇಳುತ್ತದೆ. "ಏನಾಗಿದೆ?"

"ಜೇನಾಗಿದೆ."

"ಅದನ್ನೇ ಕೇಳ್ತಿರೋದು ಅಜ್ಜಿ, ಏನಾಗಿದೆ?"

ಅತ್ತೆ ಫೋನನ್ನು ಕಿವಿಯಿಂದ ದೂರ ಹಿಡಿದು ಸೊಸೆಯ ಮುಖ ನೋಡುತ್ತಾರೆ.

"ಏನೂ ಆಗಿಲ್ಲ ಅಂತ ಹೇಳಿ," ಎನ್ನುತ್ತಾರೆ ಎಣ್ಣೆಯಕ್ಕ.

"ಏನೂ ಆಗಿಲ್ವಂತೆ ಕಣೋ."

ಫೋನು ಕಟ್ಟಾಗುತ್ತದೆ. ಆಮೇಲೆ ಫೋನಿನಿಂದಲ್ಲ, ಕಟ್ಟೆಯ ಕಡೆಯಿಂದಲೇ, ಗಾಳಿಯಲ್ಲಿ ತೇಲಿ ಬರುತ್ತದೆ ಆ ದನಿ. "ಬಂದೆ ಅಕ್ಕ, ಬಂದೆ, ಗೋದಾಮಿನೋರಿಗೆ ಬರಲ್ಲ ಅಂತ ಹೇಳಿ ಹಾಗೇ ಬಂದೆ."

ಎಣ್ಣೆಯಕ್ಕ ಕಡ್ಡಿಯನ್ನು ಒರೆಸಿ ಅದರ ಜಾಗಕ್ಕೆ ಇಳಿಸುತ್ತಾರೆ. "ಇಷ್ಟೇ ನೋಡಿ ನನ್ನ ಕೆಲಸ," ಎನ್ನುತ್ತಾರೆ, ಎಂಜಿನ್ನಿನ ಮುಚ್ಚಳ ಹಾಕುತ್ತ. "ಕೊನೇಲಿ ಏನೂ ಆಗಿಲ್ಲ ಅಂತ ಹೇಳೋದು. ಅಷ್ಟು ಹೇಳೋಕೆ ದಿನವೆಲ್ಲ ಹಿಡಿಯುತ್ತೆ."